ಯಾವ ನೀರು ಬಂದ್?

ಹುಟ್ಟಿದ ನೆಲ ಕರೆದಾಗ ಮನುಷ್ಯ ಎಲ್ಲವನ್ನೂ ಬಿಟ್ಟು ಹೊರಡಬೇಕು, ಹಿಂದೆ ಮುಂದೆ ನೋಡುವವನು ಕೃತಘ್ನ ಎಂದು ತಿಳಿದವರು ಹೇಳುತ್ತಾರೆ. ತಿಳಿದವರ ಊರಿಗೆ ಬಸ್ಸು ಹೋಗುತ್ತದೆ.

ನನ್ನ ಹೆಂಡತಿಯ ತವರಿಗೆ ಬಸ್ಸು ಹೋಗುವುದಿಲ್ಲ. ಅದು ಸುರಪುರದ ಆಚೆ, ಕೃಷ್ಣಾ ಹೊಳೆ ಎರಡು ಸೀಳಾಗಿ ಹರಿಯುವ ಕಡೆ ನಡುವೆ ಉಳಿದ ಒಂದು ತುಂಡು ನೆಲ. ಇಂಥದಕ್ಕೆ ನಮ್ಮ ಕಡೆ ಗಡ್ಡಿ ಎನ್ನುತ್ತೇವೆ. ಕೆಲವು ಮನೆ, ಒಂದಷ್ಟು ಸಜ್ಜೆ ತೊಗರಿಯ ಹೊಲ, ಮನುಷ್ಯರಿಗಿಂತ ಹೆಚ್ಚು ಕುರಿ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಹರಗೋಲು ಬೇಕು. ಹರಗೋಲೆಂದರೆ ತಾನು ಬುಟ್ಟಿಯೆಂದು ಒಪ್ಪಿಕೊಳ್ಳದ ಬುಟ್ಟಿ. ಮೇಲೆ ನಾರಾಯಣಪುರದ ಡ್ಯಾಮಿನಲ್ಲಿ ಗೇಟು ಎತ್ತಿದರೆ ಹರಗೋಲೂ ಇಲ್ಲ. ಆಗ ಗಡ್ಡಿ ಭಾರತ ದೇಶದಿಂದ ತಾತ್ಕಾಲಿಕವಾಗಿ ಬೇರೆಯಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಹೆಣ್ಣುಮಗಳು ತವರಿಗೆ ಹೋಗುವ ಹಬ್ಬ ನಾಗರಪಂಚಮಿ. ಅದು ಬರುವುದು ಶ್ರಾವಣದಲ್ಲಿ. ಡ್ಯಾಮು ತುಂಬುವುದೂ ಶ್ರಾವಣದಲ್ಲೇ. ಹಬ್ಬ ಗೊತ್ತುಮಾಡಿದ ಹಿರಿಯರಿಗೆ ಡ್ಯಾಮಿನ ವಿಷಯ ತಿಳಿದಿರಲಿಲ್ಲ. ಡ್ಯಾಮು ಕಟ್ಟಿದ ಇಂಜಿನಿಯರುಗಳಿಗೆ ಹಬ್ಬದ ವಿಷಯ ಯಾರೂ ಹೇಳಲಿಲ್ಲ. ಈ ಎರಡು ಇಲಾಖೆಗಳ ನಡುವೆ ಸಿಕ್ಕವಳು ನನ್ನ ಹೆಂಡತಿ.

ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆಯಿಂದ ಇನ್ಸುಲಿನ್ನಿಗೆ ಬಡ್ತಿ ಸಿಕ್ಕ ಮೇಲೆ, ಪಂಚಮಿಗೆ ತವರು ಬಂದ್ ಎಂದು ನಾನು ಹುಕುಂ ಹೊರಡಿಸಿದೆ. ಹೊಳೆ ಏರಿದ ದಿನ ಗಡ್ಡಿಯಲ್ಲಿ ಮೊದಲು ಹೋಗುವುದು ಕರೆಂಟು. ಔಷಧ ಬಿಸಿಗೆ ಕೆಟ್ಟರೆ, ಇಲ್ಲವೇ ಮುಗಿದರೆ, ಇಲ್ಲವೇ ಅವಳಿಗೆ ಬೆವರೊಡೆದು ಕಣ್ಣು ಕತ್ತಲಿಟ್ಟರೆ, ಈ ದಡದ ಡಾಕ್ಟರು ಆ ದಡದ ರೋಗಿಗೆ ಕೈ ಬೀಸಬಹುದು, ಅಷ್ಟೆ. ಹೀಗಾಗಿ ಅವಳು ಬೇಸಿಗೆಯಲ್ಲಿ ಹೋಗಿ ಬರುತ್ತಿದ್ದಳು. ಇದು ಎಲ್ಲರಿಗೂ ನ್ಯಾಯವಾದ ಏರ್ಪಾಡು ಎಂದು ನಾನು ತಿಳಿದಿದ್ದೆ.

"ಬ್ಯಾಸಗ್ಯಾಗ ಹೋದ್ರ ನಾ ಮಗಳಲ್ರಿ, ಬೀಗಿತಿ," ಎಂದು ಅವಳು ಒಮ್ಮೆ ಅಂದಿದ್ದಳು. "ಉಂಡಿ ಇಲ್ಲ, ಜೋಕಾಲಿ ಇಲ್ಲ. ಚಾ ಕೊಡ್ತಾರ, ಕಳಿಸ್ತಾರ."

ಶಹಾಪುರದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಹಿಂದೆ ಮನೆ, ಮುಂದೆ ಅಂಗಡಿ. ಪಂಚಮಿಗೆ ಮುಂಚಿನ ದಿನಗಳು ನಮಗೆ ಸುಗ್ಗಿ. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಉಡಿಸಲು ಸಗರದ ಕಡೆಯ ರೈತರು ಸೀರೆ, ಜಂಪರ್ ಪೀಸು ಕೊಳ್ಳಲು ಬರುತ್ತಾರೆ. ಕಾಲುವೆಗೆ ನೀರು ಬಿಟ್ಟ ವರ್ಷ ರೇಷ್ಮೆ ಅಂಚು ಕೇಳುತ್ತಾರೆ. ಬಿಡದ ವರ್ಷ ಬೆಲೆ ಕೇಳಿ, ಕುಡಿಯಲು ನೀರು ಕೇಳಿ, ಹೋಗುತ್ತಾರೆ. ಇಂಥ ಗದ್ದಲದ ದಿನವೇ ನನ್ನ ಹೆಂಡತಿಯ ತಮ್ಮ ಬಂದು ಗಾದಿಯ ಮೇಲೆ ಕೂತ.

"ಅಕ್ಕನ್ನ ಕರಿಯಾಕ ಬಂದೀನ್ರಿ ಮಾಮಾ."

"ಪ್ರತಿ ವರ್ಷ ಬರ್ತಿ. ಪ್ರತಿ ವರ್ಷ ಚಾ ಕುಡದು ಹೋಗ್ತಿ. ಈ ವರ್ಷ ಹೊಸಾದೇನು?"

"ಈ ವರ್ಷ ಚಾ ಬ್ಯಾಡ್ರಿ."

ನಾನು ಅಳತೆಗೋಲು ಕೆಳಗಿಟ್ಟೆ. ಅವನು ತನ್ನ ತಾಯಿಯ ಮಾತನ್ನು ಹೊತ್ತು ತಂದಿದ್ದ. ನನ್ನ ಅತ್ತೆ ಮಕ್ಕಳು ಮೊಮ್ಮಕ್ಕಳು ಕುರಿಗಳ ತುಂಬು ಸಂಸಾರದ ನಡುವೆ ಕೂತು ಗಡ್ಡಿಯನ್ನು ಆಳುವವಳು. ಅವಳ ವಯಸ್ಸು ಕೇಳಿದರೆ ತಾನು ಕಂಡ ನೆರೆಗಳ ಲೆಕ್ಕ ಹೇಳುತ್ತಾಳೆ.

"ಅವ್ವ ಏನಂದಾಳಂದ್ರ," ಎಂದು ಅವನು ಗಂಟಲು ಸರಿಮಾಡಿಕೊಂಡ, "ಮಗಳಿಲ್ಲದ ಜೋಕಾಲಿ ಅಂದ್ರ ಎತ್ತು ಕಟ್ಟೋ ಹಗ್ಗ. ಈ ವರ್ಷ ಅಕಿ ಬರಲಿಲ್ಲಂದ್ರ ಇನ್ ಮ್ಯಾಲ ಕಟ್ಟಾಂಗಿಲ್ಲ ಅಂತ."

ಒಳಗಿಂದ ನನ್ನ ಹೆಂಡತಿ ಬಂದಳು. ಅವಳು ಎಲ್ಲವನ್ನೂ ಬಾಗಿಲ ಹಿಂದೆ ನಿಂತು ಕೇಳಿದ್ದಳು.

"ನಾ ಹೋಗ್ತೀನ್ರಿ. ಸಾಯಾಕ ಹೋಗಾಕತ್ತಿಲ್ಲ. ಹೆಂಗ ಹೋಗಬೇಕು, ಹೆಂಗ ಬರಬೇಕು ಅನ್ನೋದು ನೀವ ಹೇಳ್ರಿ, ಕೇಳ್ತೀನಿ. ಹೋಗಬ್ಯಾಡ ಅನ್ನೋದೊಂದು ಬಿಟ್ಟು."

ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾವ ಮಾತು ಚರ್ಚೆ, ಯಾವ ಮಾತು ಗೆಜೆಟ್ಟು ಎಂದು ಗೊತ್ತಾಗುತ್ತದೆ. ಇದು ಎರಡನೆಯದು. ನಾನು ಆ ಕ್ಷಣದಿಂದ ಯುದ್ಧ ಮಂತ್ರಿಯಾದೆ.

ಮೊದಲು ಯಾದಗಿರಿಯ ಡಾಕ್ಟರಲ್ಲಿಗೆ ಹೋದೆವು. ಆಕೆ ವಯಸ್ಸಿನಲ್ಲಿ ಚಿಕ್ಕವರು, ನನ್ನ ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿದರು.

"ಹೋಗ್ಲಿ ಬಿಡ್ರಿ ಯಜಮಾನ್ರ. ತವರಿಗೆ ಹೋಗಿ ಬಂದ್ರ ಬಿಪಿ ಆದ್ರೂ ಇಳೀತದ. ಇರೋ ದಿನಕ್ಕ ಎಷ್ಟು ಬೇಕೋ ಅದರ ಎರಡರಷ್ಟು ಔಷಧ ಒಯ್ರಿ. ಫ್ರಿಜ್ ನಂಬಬ್ಯಾಡ್ರಿ. ಬಾಟ್ಲಿ ಒಂದು ಡಬ್ಬ್ಯಾಗ ಬಿಗಿ ಮಾಡಿ, ಡಬ್ಬಿ ಸಣ್ಣ ಗಡಿಗ್ಯಾಗ, ಸಣ್ಣ ಗಡಿಗಿ ದೊಡ್ಡ ಗಡಿಗ್ಯಾಗ. ನಡುವ ಹಸಿ ಉಸುಕು, ಮ್ಯಾಲ ಹಸಿ ಬಟ್ಟಿ. ನೆಳ್ಳಾಗ ಇಡ್ರಿ. ಕೈ ನಡುಗಿ ಬೆವರು ಬಂದ್ರ ತಕ್ಷಣ ಸಕ್ರಿ ನೀರು."

"ಮತ್ತ ಉಂಡಿ?" ಎಂದಳು ನನ್ನ ಹೆಂಡತಿ.

"ಒಂದು."

ಪಂಚಮಿಯ ಉಂಡೆಗಳಲ್ಲಿ ಶೇಂಗಾದ್ದು, ಎಳ್ಳಿನದು, ಬೇಸನ್ನಿನದು, ತಂಬಿಟ್ಟಿನದು ಎಂದು ಹಲವು ಜಾತಿಗಳಿವೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು. "ಒಂದು ಅಂದ್ರ, ಜಾತಿಗೊಂದೇನ್ರಿ?"

ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಇದನ್ನು ನನ್ನ ಹೆಂಡತಿ ಒಪ್ಪಿಗೆ ಎಂದು ತಿಳಿದಳು.

ಎರಡನೆಯದು ಹೊಳೆಯ ರಕ್ಷಣೆ. ಮುಳುಗದಿರಲು ಟ್ಯೂಬು ಬೇಕು. ಶಹಾಪುರದಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆಂದು ಸುರಪುರಕ್ಕೆ ಹೋಗಿ ಒಂದು ಪಂಕ್ಚರ್ ಅಂಗಡಿ ಹೊಕ್ಕೆ.

"ಯಾವ ಗಾಡಿಗ್ರಿ ಸಾವ್ಕಾರ್ರ?"

"ಗಾಡಿಗಲ್ಲಪಾ, ಹೆಂಡ್ತಿಗೆ."

ಅವನು ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಪಂಕ್ಚರ್ ಅಂಗಡಿಯವರು ಬಹಳ ಕಂಡಿರುತ್ತಾರೆ. "ಸೈಜ್?"

ನಾನು ಎರಡು ಕೈ ಅಗಲಿಸಿ ತೋರಿಸಿದೆ. ಜೀವಮಾನವೆಲ್ಲ ಬಟ್ಟೆ ಅಳೆದವನು, ಅಳತೆಯಲ್ಲಿ ತಪ್ಪುವುದಿಲ್ಲ.

"ಹಂಗಾದ್ರ ಲಾರಿದೇ ಬೇಕ್ರಿ," ಎಂದ. ಈ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೋಗುವ ದಿನ ಗಾಳಿ ತುಂಬಿ ಇಟ್ಟಿರು ಎಂದು ಹೇಳಿ ಬಂದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಗುಪ್ತಚರ ಇಲಾಖೆ. ನನ್ನ ಚಿಕ್ಕಪ್ಪನ ಮೊಮ್ಮಗನೊಬ್ಬ ನಾರಾಯಣಪುರದ ಡ್ಯಾಮಿನಲ್ಲಿ ನೀರಾವರಿ ಕೆಲಸಕ್ಕೆ ಇದ್ದಾನೆ. ಹೊರಡುವ ಮುನ್ನಾದಿನ ಅವನಿಗೆ ಫೋನು ಹಚ್ಚಿದೆ.

"ಏನಪಾ, ನೀರು ಹೆಂಗದ?"

"ಬಂದ್ ಮಾಡ್ಯಾರ್ರಿ ಕಾಕಾ."

"ಪೂರಾ?"

"ಪೂರಾ ಬಂದ್ರಿ. ಒಂದು ಹನಿ ಬಿಡಾಂಗಿಲ್ಲ."

ನಾನು ಫೋನಿಟ್ಟು, ವಿಜಯ ವಾರ್ತೆ ತಂದ ದೂತನಂತೆ ಒಳಗೆ ಹೋಗಿ ಹೇಳಿದೆ. "ತಯಾರಾಗು. ನೀರು ಬಂದ್."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಗಡಿಗೆ ಅವಳ ತೊಡೆಯ ಮೇಲೆ ಇತ್ತು. ಮಣ್ಣಿನ ಗಡಿಗೆ, ಬಾಯಿಗೆ ಹಸಿ ಬಟ್ಟೆ, ಅದರ ಸುತ್ತ ಬಿಗಿದ ದಾರ, ಹಿಡಿದವಳ ಮುಖದಲ್ಲಿ ಭಕ್ತಿಯಂಥ ಎಚ್ಚರ. ನಾಗರಪಂಚಮಿಯ ಹೊತ್ತಿನಲ್ಲಿ ಇದರ ಅರ್ಥ ಏನಾಗಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ಮೆಲ್ಲಗೆ ಕೇಳಿದಳು.

"ಯವ್ವಾ, ಒಳಗ ನಾಗಪ್ಪ ಅದಾನೇನ?"

"ಇಲ್ಲಬೇ ಆಯಿ, ಔಷಧ."

"ಹಾವಿಂದು?"

ಅಷ್ಟರಲ್ಲಿ ಸುತ್ತಲಿನ ಸೀಟುಗಳು ಖಾಲಿಯಾದವು. ಕಂಡಕ್ಟರ್ ದೂರದಿಂದಲೇ ಟಿಕೆಟ್ಟು ಚಾಚಿದ. ಅದರಿಂದ ನಮಗೆ ಕಾಲು ಚಾಚಲು ಜಾಗ ಸಿಕ್ಕಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಸ್ವಲ್ಪ ದೂರ ಹೋಗಿ ಬಸ್ಸು ಕಾಲುವೆಯ ಸೇತುವೆ ಏರಿತು. ನನ್ನ ಹೆಂಡತಿ ಕಿಟಕಿಯಿಂದ ಕೆಳಗೆ ನೋಡಿದಳು. ಕಾಲುವೆಯ ತಳದಲ್ಲಿ ಕೆಸರು, ಕೆಸರಿನಲ್ಲಿ ಎಮ್ಮೆಗಳು.

"ರೀ, ಕಾಲುವಿ ಖಾಲಿ ಅದ."

"ಅದನ್ನೇ ನಿನ್ನಿ ಹೇಳಿದ್ನಲ್ಲ. ನೀರು ಬಂದ್ ಅಂತ."

ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು. "ಯಾವ ನೀರು ಬಂದ್ ರೀ?"

ಇಲ್ಲಿ ಒಂದು ಮಾತು ಹೇಳಬೇಕು. ಶಹಾಪುರದಲ್ಲಿ ನೀರು ಎಂದರೆ ಕಾಲುವೆಯ ನೀರು. 'ನೀರು ಬಿಟ್ಟಾರ' ಎಂದರೆ ಹೊಲದವನು ನಗುತ್ತಾನೆ, ನಾನು ರೇಷ್ಮೆ ಸೀರೆ ಇಳಿಸುತ್ತೇನೆ. ಗಡ್ಡಿಯಲ್ಲಿ ನೀರು ಎಂದರೆ ಹೊಳೆಯ ನೀರು. ಅಲ್ಲಿ ಅದೇ ಎರಡು ಶಬ್ದ ಕೇಳಿದರೆ ಹರಗೋಲು ಮೇಲೆಳೆದು ಕಟ್ಟುತ್ತಾರೆ, ಕುರಿ ದಿಬ್ಬಕ್ಕೆ ಹೊಡೆಯುತ್ತಾರೆ. ಡ್ಯಾಮು ಒಂದೇ, ನೀರೂ ಒಂದೇ. ಕಾಲುವೆಗೆ ಬಿಡದ ನೀರು ಎಲ್ಲಿಗೆ ಹೋಗುತ್ತದೆ ಎಂದು ಶಹಾಪುರದ ಬಟ್ಟೆ ವ್ಯಾಪಾರಿ ಯಾವತ್ತೂ ಯೋಚಿಸಿದವನಲ್ಲ. ಹೊಳೆಯ ನಡುವೆ ಹುಟ್ಟಿದವಳಿಗೆ ಯೋಚಿಸುವ ಅಗತ್ಯವೇ ಇರಲಿಲ್ಲ.

ಸುರಪುರದಲ್ಲಿ ಇಳಿದವನೇ ನಾರಾಯಣಪುರಕ್ಕೆ ಫೋನು ಹಚ್ಚಿದೆ.

"ಕಾಲುವಿದ್ರಿ ಕಾಕಾ," ಎಂದ ಆ ಮಹಾಶಯ. "ಶಹಾಪುರದಾವ್ರು ನೀವು ಮತ್ಯಾವುದು ಕೇಳ್ತೀರಿ? ಒಂದು ಕಡಿ ಕಾಲುವಿ ದಂಡಿ ಸೋರಾಕತ್ತದ, ರಿಪೇರಿಗೆ ಬಂದ್ ಮಾಡ್ಯಾರ."

"ಮತ್ತ ಹೊಳಿಗೆ?"

"ಮ್ಯಾಲಿಂದ ನೀರು ಜೋರು ಬರಾಕತ್ತದ್ರಿ. ಕಾಲುವಿಗೂ ಹೋಗಾಂಗಿಲ್ಲ. ಡ್ಯಾಮಿನಾಗ ಕುಂಡ್ರಂತ ಹೇಳಾಕ ಬರ್ತದೇನು? ಮಧ್ಯಾಹ್ನ ಗೇಟ್ ಎತ್ತತಾರ. ಹೊಳಿ ದಂಡಿ ಊರಿಗೆಲ್ಲಾ ಡಂಗುರ ಹೊಡಸಾಕ ಹೇಳ್ಯಾರ. ಯಾಕ್ರಿ?"

ನಾನು ಫೋನಿಟ್ಟೆ. ಮನೆಗೆ ತಿರುಗೋಣ ಎಂದೆ. ನನ್ನ ಹೆಂಡತಿ ತಲೆಯಾಡಿಸಿದಳು. ಅವಳ ತಮ್ಮ ಮೊದಲೇ ಮಾತಾಡಿಕೊಂಡಂತೆ ಬೆಳಿಗ್ಗೆಯಿಂದ ಈ ದಡದಲ್ಲಿ ಹರಗೋಲು ಇಟ್ಟುಕೊಂಡು ನಮಗೆ ಕಾಯುತ್ತಿದ್ದ. ಅವನ ಫೋನು ಹತ್ತುತ್ತಿರಲಿಲ್ಲ. ನಾವು ಬರುತ್ತೇವೆಂದು ಅವನು ಕೂತೇ ಇದ್ದರೆ, ಕತ್ತಲಾಗುವ ಮುಂಚೆ ಒಬ್ಬನೇ ದಾಟಲು ಹೋಗಿ ನಡುಹೊಳೆಯಲ್ಲಿ ಸಿಕ್ಕಿಬೀಳುತ್ತಿದ್ದ.

ಒಂದು ಟಂಟಂ ಆಟೋ ಗೊತ್ತುಮಾಡಿದೆವು. ಪಂಕ್ಚರ್ ಅಂಗಡಿಯವನು ಗಾಳಿ ತುಂಬಿದ ಟ್ಯೂಬನ್ನು ಓಡಿ ಬಂದು ಆಟೋದ ತಲೆಯ ಮೇಲೆ ಕಟ್ಟಿದ. ದಾರಿಯುದ್ದಕ್ಕೂ ನಾನು ಒಂದು ಗಂಭೀರ ಭಾಷಣ ಸಿದ್ಧಮಾಡಿಕೊಂಡೆ. ತಮ್ಮ ಬಾ ಎನ್ನುತ್ತಾನೆ, ಅಕ್ಕ ಹೊರಟುಬಿಡುತ್ತಾಳೆ, ನಾನು ಅಡ್ಡ ನಿಲ್ಲಬೇಕು. ಗಂಡ ಅಡ್ಡ ನಿಂತ ಮೇಲೆ ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕು ಎಂಬುದನ್ನೂ ಯೋಚಿಸುತ್ತಿದ್ದೆ.

ಅವನು ಹರಗೋಲನ್ನು ಬೋರಲು ಹಾಕಿ ಅದರ ನೆರಳಿನಲ್ಲಿ ಮಲಗಿದ್ದ. ನಮ್ಮನ್ನು ಕಂಡು ಎದ್ದು, ಹಲ್ಲೆಲ್ಲ ತೋರಿಸಿ ನಕ್ಕ.

"ಬಂದೇನ ಅಕ್ಕಾ! ಬಾ, ಅವ್ವ ಮುಂಜಾನಿಂದ ಹೊಸ್ತಿಲಾಗ ಕುಂತಾಳ."

"ಗೇಟ್ ಎತ್ತತಾರಂತ. ನೀ ಮೊದ್ಲು ದಾಟು."

ಅವನು ಮೇಲಿನ ಕಡೆ ನೋಡಿದ. ಹೊಳೆ ಬಂಡೆಗಳ ನಡುವೆ ಶಾಂತವಾಗಿ ಹೋಗುತ್ತಿತ್ತು. "ಇಲ್ಲಿಗೆ ಬರಾಕ ಇನ್ನಾ ಭಾಳ ಹೊತ್ತದ. ಎರಡು ಸಲ ದಾಟಬಹುದು. ಕುಂಡ್ರು ಬಾ."

ನಾನು ಭಾಷಣಕ್ಕೆ ಬಾಯಿ ತೆರೆದೆ. ಅವಳು ಮೊದಲು ಮಾತಾಡಿದಳು.

"ದಾಟಬಹುದಪಾ. ಹೊಳ್ಳಿ ಬರೋದು? ಅಪ್ಪ ಏನ್ ಹೇಳ್ತಿದ್ದ? ಹೊಳ್ಳಿ ಬರೋ ನೀರು ನೋಡಿ ಹರಗೋಲು ಹತ್ತು ಅಂತಿದ್ದ. ನಾ ಜೋಕಾಲಿ ಆಡಾಕ ಬರಾಕತ್ತೀನಿ. ನಿಮ್ಮೆಲ್ಲಾರಿಗೂ ನನ್ನ ಹೊರೋ ಕೆಲಸ ಹಚ್ಚಾಕಲ್ಲ."

"ಅವ್ವಗ ಏನ್ ಹೇಳ್ಲಿ?"

"ನಿಮ್ಮ ಅಳಿಯಾಗ ಕನ್ನಡ ಬರಾಂಗಿಲ್ಲ ಅಂತ ಹೇಳು."

ಅವಳು ತಾಯಿಗೆ ತಂದ ಸೀರೆಯ ಗಂಟನ್ನು ಅವನ ಕೈಗೆ ಕೊಟ್ಟಳು. ಗಡಿಗೆಯನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡಳು. ಅವನು ಹುಟ್ಟು ಹಾಕುತ್ತ ಹೋಗಿ ಆಚೆ ದಡ ಮುಟ್ಟಿದ. ಹರಗೋಲನ್ನು ತಲೆಯ ಮೇಲೆ ಹೊತ್ತು ದಿಬ್ಬ ಏರಿ, ಟವೆಲ್ಲು ಬೀಸಿದ. ನಾವು ದಡದ ಜಾಲಿಗಿಡದ ಕೆಳಗೆ ಕೂತೆವು. ಅವಳು ಹೊತ್ತಿಗೆ ಸರಿಯಾಗಿ ಸೂಜಿ ಚುಚ್ಚಿಕೊಂಡು ರೊಟ್ಟಿ ತಿಂದಳು.

ನೀರು ಬಂದದ್ದು ನಮಗೆ ಸದ್ದಿನಿಂದ ಗೊತ್ತಾಗಲಿಲ್ಲ. ಬಣ್ಣದಿಂದ ಗೊತ್ತಾಯಿತು. ಹೊಳೆ ಚಹಾದ ಬಣ್ಣಕ್ಕೆ ತಿರುಗಿತು. ಕಸ ಕಡ್ಡಿ ನೊರೆ ಬಂದವು. ಕೊಕ್ಕರೆಯೊಂದು ನಿಂತಿದ್ದ ಬಂಡೆ ಇತ್ತು, ಆಮೇಲೆ ಕೊಕ್ಕರೆ ಮಾತ್ರ ಇತ್ತು, ಆಮೇಲೆ ಅದೂ ಹಾರಿತು. ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳೋ ಕನ್ನಡಕ ಒರೆಸಿಕೊಂಡಳೋ ನಾನು ನೋಡಲಿಲ್ಲ. ನೋಡಬಾರದೆಂದೇ ಟ್ಯೂಬಿನ ಗಾಳಿ ಬಿಡುತ್ತ ಕೂತಿದ್ದೆ. ಲಾರಿಯ ಟ್ಯೂಬಿನಲ್ಲಿ ಗಾಳಿ ಬಹಳ ಇರುತ್ತದೆ.

ಶಹಾಪುರದಲ್ಲಿ ಪಂಚಮಿ ಬಂತು, ಹೋಯಿತು. ಹಬ್ಬದ ಮರುದಿನ ಗಡ್ಡಿಯ ಫೋನು ಹತ್ತಿತು. ಅತ್ತೆ ಮಗಳನ್ನು ಕೇಳಲಿಲ್ಲ, ನೇರವಾಗಿ ನನ್ನನ್ನೇ ಕೇಳಿದಳು.

"ಅಳಿಯಾರ, ಬೇವಿನ ಗಿಡಕ್ಕ ಜೋಕಾಲಿ ಕಟ್ಟೀನಿ. ಮಗಳು ಕುಂಡ್ರೋತನಕ ಹಗ್ಗ ಬಿಚ್ಚಾಂಗಿಲ್ಲ."

"ಪಂಚಮಿ ಆಗಿಹೋತಲ್ರಿ ಅತ್ತಿ."

"ಮಂದೀದು ಆಗ್ಯಾದ. ನಂದಿನ್ನಾ ಆಗಿಲ್ಲ."

"ತಿಥಿ ಅಂತ ಒಂದದಲ್ರಿ..."

"ಹೊಳಿ ಯಾವ ಪಂಚಾಂಗ ನೋಡಿ ಬಂತ್ರಿ?"

ಒಳಗೆ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಅಟ್ಟದ ಮೇಲೆ ಇಟ್ಟಿದ್ದ ಗಡಿಗೆಗಳನ್ನು ಇಳಿಸಿ ತೊಳೆದು ಬಿಸಿಲಿಗೆ ಇಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಪಂಚಮಿ ಮುಗಿಯದ ಹಬ್ಬವಾಯಿತು.

ನನ್ನ ನುಡಿಯೂ ಬದಲಾಯಿತು. ಅಂಗಡಿಗೆ ಬಂದ ಸಗರದ ರೈತ "ಸಾವ್ಕಾರ್ರ, ನೀರು ಬಿಡ್ತಾರಂತ" ಎಂದರೆ ನಾನು "ಎಲ್ಲಿಗೆ?" ಎನ್ನುತ್ತಿದ್ದೆ.

"ಎಲ್ಲಿಗೆ ಅಂದ್ರ? ನನ್ನ ತಲಿ ಮ್ಯಾಲೇನು? ಕಾಲುವಿಗೆ!"

"ಮತ್ತ ಹಂಗ ಪೂರಾ ಹೇಳು."

ಸಾವ್ಕಾರನ ತಲೆ ಸ್ವಲ್ಪ ಸಡಿಲಾಗಿದೆ ಎಂಬ ಸುದ್ದಿ ಹಬ್ಬಿತು. ವ್ಯಾಪಾರಕ್ಕೆ ಅದರಿಂದ ನಷ್ಟವಾಗಲಿಲ್ಲ. ಸಡಿಲ ತಲೆಯವನು ಬೆಲೆಯಲ್ಲೂ ಸಡಿಲವಿರಬಹುದು ಎಂದು ಕೆಲವರು ಹೊಸದಾಗಿ ಬಂದರು.

ಶ್ರಾವಣ ಮುಗಿಯುವ ಹೊತ್ತಿಗೆ ನಾರಾಯಣಪುರದಿಂದ ಅವನೇ ಫೋನು ಮಾಡಿದ. "ಕಾಕಾ, ಕಾಲುವಿ ಚಾಲು. ಹೊಳಿ ಬಂದ್. ಮ್ಯಾಲೂ ಮಳಿ ನಿಂತದ, ಈ ವಾರ ಗೇಟ್ ಎತ್ತೋ ಮಾತಿಲ್ಲ. ಎತ್ತೋದಿದ್ರ ಮೊದ್ಲು ನಿಮಗ, ಆಮ್ಯಾಲ ಸಾಹೇಬ್ರಿಗೆ."

ನನ್ನ ಹೆಂಡತಿ ಫೋನು ಕಸಿದುಕೊಂಡಳು. "ಏ ತಮ್ಮಾ, ಯಾವುದು ಬಂದ್ ಅಂದಿ?"

"ಹೊಳಿ, ಚಿಗವ್ವ."

"ಇನ್ನೊಮ್ಮೆ ಅನ್ನು."

"ಹೊಳಿ, ಹೊಳಿ, ಹೊಳಿ."

ಈ ಸಲ ಕಾಲುವೆಯ ಸೇತುವೆ ಏರಿದಾಗ ಕೆಳಗೆ ನೀರು ದಂಡೆ ತುಂಬಿ ಹೋಗುತ್ತಿತ್ತು. ಬಸ್ಸಿನಲ್ಲಿದ್ದ ರೈತರೆಲ್ಲ ಆ ಕಡೆಯ ಕಿಟಕಿಗೆ ಬಾಗಿದರು. ಅವಳೂ ಬಾಗಿದಳು. ಅಂದು ಅದು ರೈತರಿಗೂ ಅವಳಿಗೂ ಒಳ್ಳೆಯ ನೀರು. ಗಡಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಹಬ್ಬ ಮುಗಿದ ಮೇಲೆ ಗಡಿಗೆಯಲ್ಲಿ ನಾಗಪ್ಪ ಇರುವುದಿಲ್ಲ ಎಂಬುದು ಜನಕ್ಕೆ ಗೊತ್ತು.

ದಡದಲ್ಲಿ ಅವಳ ತಮ್ಮ ಹರಗೋಲು ತಂದು ಕಾಯುತ್ತಿದ್ದ. ನಾನು ಮತ್ತೆ ಗಾಳಿ ತುಂಬಿಸಿ ತಂದಿದ್ದ ಟ್ಯೂಬನ್ನು ಅವಳ ಮುಂದಿಟ್ಟೆ.

"ಅದನ್ನ ನಾ ಹಾಕ್ಕೊಳ್ಳಾಂಗಿಲ್ಲ," ಎಂದಳು. "ಇದೇ ಹೊಳ್ಯಾಗ ಈಸು ಕಲ್ತಾಕಿ ನಾ. ನಿಮಗ ಈಸು ಬರ್ತದೇನು?"

"ಇಲ್ಲ."

"ಮತ್ತ?"

ಹೀಗೆ ನಾನು ಲಾರಿಯ ಟ್ಯೂಬಿನೊಳಗೆ ನಿಂತು, ಎರಡೂ ಕೈಯಲ್ಲಿ ಅದನ್ನು ಸೊಂಟಕ್ಕೆ ಹಿಡಿದುಕೊಂಡು ಹರಗೋಲು ಏರಿದೆ. ಅಕ್ಕ ತಮ್ಮ ಇಬ್ಬರೂ ಆಚೆ ದಡ ಮುಟ್ಟುವವರೆಗೂ ಬೇರೆ ಬೇರೆ ಕಡೆ ನೋಡುತ್ತ ಕೂತಿದ್ದರು. ಗಡ್ಡಿಯ ಇಡೀ ಊರು ದಡದಲ್ಲಿ ನೆರೆದಿತ್ತು. ಮುಂದೆ ಕೋಲೂರಿ ನಿಂತಿದ್ದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರ್ರಿ ಅಳಿಯಾರ. ಗಾಡಿ ಬಿಟ್ಟು ಗಾಲಿ ಅಷ್ಟ ತಂದೀರಿ?"

ಬೇವಿನ ಮರದ ಜೋಕಾಲಿಯ ಹಗ್ಗ ಮಳೆಗೆ ನೆನೆದು ಬಿಸಿಲಿಗೆ ಒಣಗಿ ಬಣ್ಣಗೆಟ್ಟಿತ್ತು. ನಾನು ಅದನ್ನು ಜಗ್ಗಿ, ಜೋತುಬಿದ್ದು ಪರೀಕ್ಷಿಸಿದೆ. ಯುದ್ಧ ಮಂತ್ರಿಯ ಕೊನೆಯ ಕರ್ತವ್ಯ. ನನ್ನ ಹೆಂಡತಿ ಗಡಿಗೆಯನ್ನು ಮರದ ನೆರಳಿನಲ್ಲಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ನನ್ನ ಕೈಗೆ ಕೊಟ್ಟು ಕೂತಳು. ಅತ್ತೆ ಯಾರಿಗೂ ಬಿಟ್ಟುಕೊಡದೆ ತಾನೇ ಮೊದಲ ಸಲ ದೂಡಿದಳು. ಕೈಯಲ್ಲಿ ಬಲವಿರಲಿಲ್ಲ, ಜೋಕಾಲಿ ಒಂದು ಮೊಳ ಹೋಗಿ ಬಂತು. ಆಮೇಲೆ ನನ್ನ ಹೆಂಡತಿ ತಾನೇ ನೆಲ ಒದ್ದಳು. ಎಷ್ಟು ಎತ್ತರ ಹೋದಳೆಂದರೆ, ಅಲ್ಲಿಂದ ಅವಳಿಗೆ ಹೊಳೆಯ ಎರಡೂ ಸೀಳು ಕಾಣುತ್ತಿದ್ದಿರಬೇಕು.

"ಸಾಕು ಬಾ, ಬಿದ್ದೀ," ಎಂದು ನಾನು ಕೂಗಿದೆ.

"ಮಂದೀದು ಆಗ್ಯಾದ್ರಿ," ಎಂದು ಮೇಲಿನಿಂದ ಕೇಳಿಸಿತು. "ನಂದಿನ್ನಾ ಆಗಿಲ್ಲ!"

ಸಂಜೆ ಅತ್ತೆ ತಟ್ಟೆಯಲ್ಲಿ ಉಂಡೆಗಳನ್ನು ತಂದಿಟ್ಟಳು. ಶೇಂಗಾದ್ದು, ಎಳ್ಳಿನದು, ಬೇಸನ್ನಿನದು, ತಂಬಿಟ್ಟಿನದು, ನನಗೆ ಹೆಸರು ತಿಳಿಯದ ಇನ್ನೊಂದು. ಡಾಕ್ಟರು ಏನು ಹೇಳಿದ್ದರೆಂದು ನಾನು ಹೆಂಡತಿಗೆ ನೆನಪಿಸಿದೆ. ತನಗೂ ಚೆನ್ನಾಗಿ ನೆನಪಿದೆ ಎಂದಳು.

ಒಂದು ದಿನ ಇದ್ದು, ಮರುದಿನ ಬೆಳಿಗ್ಗೆ ನಾರಾಯಣಪುರಕ್ಕೆ ಕೇಳಿ, ಅದೇ ಹರಗೋಲಿನಲ್ಲಿ ದಾಟಿ, ಸಂಜೆಗೆ ಶಹಾಪುರ ಮುಟ್ಟಿದೆವು. ಆಮೇಲೆ ಯಾದಗಿರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಗಡಿಗೆಯಲ್ಲಿದ್ದ ಔಷಧ ಕೆಟ್ಟಿರಲಿಲ್ಲ. ಸಕ್ಕರೆ ಹೆಚ್ಚಿತ್ತು.